ಹೊಸ ಕೋಚ್ ಬಂದ್ರು, ಕುಲಾವಿ ಹೊಲಿಸಿದ್ರು

ಸಂಕ್ರಾಂತಿ ಹತ್ರ ಬಂತು. ಎಳ್ಳು ಹಸನ ಮಾಡೂದು, ಸಜ್ಜಿ ಬೀಸಿಸೂದು ಎಲ್ಲಾರ ಮನ್ಯಾಗೂ ನಡದಿರಬೇಕು. ಈ ಸಲ ನಾ ಅಡಗಿ ಬಗ್ಗೆ ಬರಿಯಂಗಿಲ್ಲ, ಆಟದ ಬಗ್ಗೆ ಬರೀತೇನಿ. "ಇಕಿಗೆ ಏನಾತವ್ವಾ" ಅಂತ ನಗಬ್ಯಾಡ್ರಿ. ಕಡೀತನಾ ಓದ್ರಿ, ಇದೂ ಮನೀ ವಿಷಯನ ಐತಿ.

ಈ ವರ್ಷ ನಮ್ಮ ಮನ್ಯಾಗ ಒಂದ ಮಾತು ಮೂರ ಸಲ ಕೇಳೇನಿ: "ಹೊಸ ಕೋಚ್ ಬಂದಾರಂತ." ಒಮ್ಮೆ ಬೆಂಗಳೂರು ಬುಲ್ಸ್ ಕಬಡ್ಡಿ ತಂಡದ ಬಗ್ಗೆ, ಒಮ್ಮೆ ಆರ್‌ಸಿಬಿ ಹುಡುಗ್ಯಾರ ಕ್ರಿಕೆಟ್ ತಂಡದ ಬಗ್ಗೆ, ಇನ್ನೊಮ್ಮೆ ನಮ್ಮ ತಮ್ಮನ ಮಗಳ ಕಾಲೇಜಿನ ಕಬಡ್ಡಿ ತಂಡದ ಬಗ್ಗೆ. ಮೂರೂ ಸಲ ಅದರ ಬೆನ್ನಿಗೇ ಬಂದ ಮಾತು ಒಂದ: "ಹಂಗಾರ ಈ ಸಲ ಗೆದ್ದಂಗ ಬಿಡ್ರಿ."

ಇದು ನಮಗೇನು ಹೊಸಾದಲ್ಲ. ಮನೀಗೆ ಹೊಸ ಸೊಸಿ ಬಂದಾಗ ಏನ ಮಾಡತೇವಿ? ಅಕಿ ಇನ್ನ ಟ್ರಂಕ್ ಬಿಚ್ಚಿ ಸೀರಿ ತಗದಿರಂಗಿಲ್ಲ, ಅಷ್ಟರಾಗ "ಇನ್ನ ಅತ್ತೀಗೆ ಆರಾಮ", "ಇನ್ನ ಮನೀ ನೆಟ್ಟಗಾಗತೈತಿ", "ಇನ್ನ ಮಗಾ ಸುಧಾರಸ್ತಾನ" ಅಂತ ಎಲ್ಲಾ ಅಕಿ ತಲೀ ಮ್ಯಾಲೆ ಹೊರಿಸಿ ಬಿಡತೇವಿ. ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದಂಗ. ಹೊಸಾದರಾಗ ಎಲ್ಲಾ ಚಲೋ ಕಾಣತೈತಿ, ಯಾಕಂದ್ರ ಹೊಸಬರು ಇನ್ನ ಒಂದೂ ತಪ್ಪ ಮಾಡಿರಂಗಿಲ್ಲ. ಹಳೇ ಕೋಚ್ ಸೋತಿದ್ದು ಎಲ್ಲಾರ ಕಣ್ಣಿಗೆ ಕಂಡಿರತೈತಿ. ಹೊಸ ಕೋಚ್ ಸೋಲೂದು ಇನ್ನ ಯಾರಿಗೂ ಕಂಡಿಲ್ಲ. ಆಟ ಶುರು ಆಗೂ ಮೊದಲಿನ ಆಸೆ ಹುಟ್ಟೂದು ಅಲ್ಲೇ.

ಆರ್‌ಸಿಬಿ ಹುಡುಗ್ಯಾರ ಕತಿ ಮೊದಲ ಹೇಳತೇನಿ. ನಾನೂ ನಮ್ಮ ಎದರಮನಿ ವೈನಿನೂ ಕೂಡಿ ಮೊದಲಿನಿಂದ ನೋಡಿದ್ದು ಅದು. 2023ರಾಗ ಹೆಣ್ಣುಮಕ್ಕಳ ಪ್ರೀಮಿಯರ್ ಲೀಗ್ ಮೊದಲನೇ ಸಲ ಆತು. ಹರಾಜಿನಾಗ ಸ್ಮೃತಿ ಮಂಧಾನಗ 3 ಕೋಟಿ 40 ಲಕ್ಷ ಕೊಟ್ಟು ಆರ್‌ಸಿಬಿದವ್ರು ತೊಗೊಂಡ್ರು. ಆವಾಗ ಅದ ಎಲ್ಲಾಕಿಂತ ದೊಡ್ಡ ರೇಟು. ಎಲಿಸ್ ಪೆರಿ, ಸೋಫಿ ಡಿವೈನ್, ರಿಚಾ ಘೋಷ್, ಎಲ್ಲಾ ದೊಡ್ಡ ದೊಡ್ಡ ಹೆಸರು. ಬೆನ್ ಸಾಯರ್ ಅನ್ನಾವ್ರು ಕೋಚ್. ಹೆಸರು ನೋಡೇ "ಕಪ್ ನಮ್ದ" ಅಂದ್ರು ಮಂದಿ. ಆಟ ಶುರು ಆದ ಮ್ಯಾಲೆ ಒಂದಲ್ಲ ಎರಡಲ್ಲ, ಸಾಲಾಗಿ 5 ಸೋತ್ರು. 8 ಆಟದಾಗ ಗೆದ್ದಿದ್ದು 2. ಐದ ತಂಡದಾಗ ನಾಕನೇದವ್ರಾದ್ರು. ಅಷ್ಟ ರೊಕ್ಕದ ಸ್ಮೃತಿ 8 ಆಟದಾಗ ಹೊಡದಿದ್ದು 149 ರನ್.

ಆಮ್ಯಾಲೆ ಕೋಚ್ ಬದಲಾದ್ರು. ಆಸ್ಟ್ರೇಲಿಯಾದ ಲ್ಯೂಕ್ ವಿಲಿಯಮ್ಸ್ ಬಂದ್ರು. ಅಲ್ಲೆ ಅಡಿಲೇಡ್ ಸ್ಟ್ರೈಕರ್ಸ್ ಅನ್ನೂ ಹೆಣ್ಣುಮಕ್ಕಳ ತಂಡಕ್ಕ ಕಪ್ ಗೆಲ್ಲಿಸಿ ಕೊಟ್ಟಾವ್ರು. ಆದ್ರ 2023ರ ಸೋಲು ಮಂದೀಗೆ ಇನ್ನ ನೆನಪಿತ್ತು. ಹಿಂಗಾಗಿ 2024ರಾಗ ಆಸೆ ಭಾಳ ಇದ್ದಿದ್ದಿಲ್ಲ, "ನೋಡೂಣು" ಅನ್ನೂ ಅಷ್ಟ ಇತ್ತು. ಆ ವರ್ಷ ಏನಾತು ಅಂದ್ರ, 8ರಾಗ 4 ಗೆದ್ರು, 4 ಸೋತ್ರು. ಮೂರನೇ ನಂಬರಿಗೆ ನಿಂತು ಮುಂದ ಹೋದ್ರು. ಮುಂಬೈ ಜೋಡಿ ಆಟದಾಗ ಕಡೀ ಓವರಿಗೆ 12 ರನ್ ಬೇಕಿತ್ತು. ಆಶಾ ಶೋಭನಾ ಕೈಯಾಗ ಚೆಂಡು ಕೊಟ್ರು. 32 ವರ್ಷದಾಕಿ, ಇನ್ನೂ ಭಾರತ ತಂಡದಾಗ ಒಂದೂ ಆಟ ಆಡದಾಕಿ. 6 ರನ್ ಅಷ್ಟ ಕೊಟ್ಟು ಗೆಲ್ಲಿಸಿದ್ಲು. ಮಾರ್ಚ್ 17ಕ್ಕ ದಿಲ್ಲಿ ಒಳಗ ಫೈನಲ್. ಎದರಿನವ್ರು ಒಂದೂ ವಿಕೆಟ್ ಹೋಗದಂಗ 64 ಹೊಡದಿದ್ರು. ನಮ್ಮ ವೈನಿ "ಮುಗೀತ ಬಿಡ್ರಿ" ಅಂತ ಚಾ ಇಡಾಕ ಎದ್ದು ಹೋದ್ರು. ಸೋಫಿ ಮೊಲಿನೋ ಒಂದ ಓವರಿನಾಗ 3 ವಿಕೆಟ್ ತಗದ್ಲು. ನಮ್ಮ ಶ್ರೇಯಾಂಕಾ ಪಾಟೀಲ 12 ರನ್ ಕೊಟ್ಟು 4 ವಿಕೆಟ್ ತಗದ್ಲು. 113ಕ್ಕ ಎಲ್ಲಾರೂ ಔಟ್. ಚಾ ಉಕ್ಕಿ ಹೋತು, ಕಪ್ ಬಂತು. ಗಂಡಮಕ್ಕಳ ಆರ್‌ಸಿಬಿ 16 ವರ್ಷ ಆಡಿ ಮುಟ್ಟಿರಲಾರದ್ದನ್ನ ಹುಡುಗ್ಯಾರು ಎರಡನೇ ವರ್ಷಕ್ಕ ತಂದ್ರು.

ಈಗ ಲೆಕ್ಕಾ ನೋಡ್ರಿ. ಮೊದಲನೇ ವರ್ಷ 2 ಗೆಲುವು, ಎರಡನೇ ವರ್ಷ 4. ನಡುವ ಬರೇ ಎರಡ ಆಟದ ಫರಕು. ಅಷ್ಟಕ್ಕ ಒಂದ ಕಡೆ ನಗಿಪಾಟಲು, ಇನ್ನೊಂದ ಕಡೆ ಕಪ್. ಹಂಗಾರ ಕೋಚ್ ಏನೂ ಮಾಡಲಿಲ್ಲೇನು ಅಂದ್ರ, ಮಾಡಿದ್ರು. ಆ ಸಲ ಬರೇ ದೊಡ್ಡ ಹೆಸರಿನ ಬೆನ್ನ ಹತ್ತಲಿಲ್ಲ. ಯಾವ ಕೆಲಸಕ್ಕ ಯಾರು ಕಡಿಮಿ ಅದಾರ ಅಂತ ನೋಡಿ ಅಂಥಾವ್ರನ್ನ ತೊಗೊಂಡ್ರು. ಮೊಲಿನೋ ಹಂಗ ಬಂದಾಕಿ. ಆಶಾ ಮೊದಲನೇ ವರ್ಷನೂ ತಂಡದಾಗ ಇದ್ಲು, ಅಕೀ ಬೆಲೆ 10 ಲಕ್ಷ. ಎರಡನೇ ವರ್ಷ ಅಕಿಗೆ ಹೊಣೆ ಕೊಟ್ರು, ಅಕಿ ಹೊತ್ತು ತೋರಿಸಿದ್ಲು. ಡಬ್ಬೀ ಒಳಗ ಕಾರಪುಡಿ ಮೊದಲಿಂದ ಇತ್ತು, ಯಾವ ಪಲ್ಯಾಕ್ಕ ಎಷ್ಟ ಅನ್ನೂದು ಆವಾಗ ಗೊತ್ತಾತು.

ಮೂರನೇ ವರ್ಷ, 2025. ಕೋಚ್ ಅದ ವಿಲಿಯಮ್ಸ್, ಕ್ಯಾಪ್ಟನ್ ಅದ ಸ್ಮೃತಿ. ಈಗ ಆಸೆ ಮುಗಿಲಿಗೆ ಮುಟ್ಟಿತ್ತು. ಮೊದಲ ಎರಡ ಆಟ ಗೆದ್ರು, 200ರ ಮ್ಯಾಲಿನ ಗುರಿ ಮುಟ್ಟಿದ್ರು. ಆಮ್ಯಾಲೆ ಬೆಂಗಳೂರಿಗೆ ಬಂದ್ರು, ತಮ್ಮ ಮನೀ ಅಂಗಳದಾಗ ನಾಕಕ್ಕ ನಾಕೂ ಸೋತ್ರು. ಒಟ್ಟ 8ರಾಗ 3 ಗೆಲುವು, ಮತ್ತ ನಾಕನೇ ನಂಬರು. ಶ್ರೇಯಾಂಕಾಗ ಪೆಟ್ಟಾಗಿತ್ತು, ಆಶಾಗ ಮಣಕಾಲು, ಮೊಲಿನೋ ಬರಲಿಲ್ಲ, ಡಿವೈನ್ ಬರಲಿಲ್ಲ. ಕೋಚ್ ಅವ್ರ ಇದ್ರು, ಅವ್ರ ಅಕ್ಕಲು ಒಂದ ವರ್ಷದಾಗ ಎಲ್ಲೂ ಓಡಿ ಹೋಗಿರಲಿಲ್ಲ. ಅಡಗಿ ಮಾಡಾಕಿ ಚಲೋ ಇದ್ರೂ ಕಟ್ಟಿಗಿ ಹಸೀ ಇದ್ರ ಒಲಿ ಉರಿಯಂಗಿಲ್ಲ.

ನನಗ ತಿಳದ ಮಾತು ಇಷ್ಟ: ಆಸೆ ಹೆಚ್ಚಿದ್ದ ವರ್ಷ ಸೋತ್ರು, ಆಸೆ ಕಡಿಮಿ ಇದ್ದ ವರ್ಷ ಗೆದ್ರು. ನಮ್ಮ ಆಸೆಗೂ ಅವ್ರ ಆಟಕ್ಕೂ ಸಂಬಂಧನ ಇದ್ದಿದ್ದಿಲ್ಲ. ಆದ್ರ ಸೋತಾಗ ಬೈಗಳ ಮಾತ್ರ ಆಸೆ ಎಷ್ಟಿತ್ತೋ ಅಷ್ಟ ಬಿದ್ವು.

2026ರ ಆಟಕ್ಕ ಮತ್ತ ಹೊಸ ಕೋಚ್. ವಿಲಿಯಮ್ಸ್ ಅವ್ರಿಗೆ ಆಸ್ಟ್ರೇಲಿಯಾದ ಲೀಗಿನ ಕೆಲಸ ಇದ ಹೊತ್ತಿಗೆ ಬಂದಿದ್ದಕ್ಕ, 2025ರ ನವೆಂಬರದಾಗ ಮಲೋಲನ್ ರಂಗರಾಜನ್ ಅವ್ರನ್ನ ಮಾಡಿದ್ರು. ಇವ್ರು ತಮಿಳುನಾಡಿನವ್ರು, ಭಾಳ ವರ್ಷದಿಂದ ಆರ್‌ಸಿಬಿ ಒಳಗ ಅದಾರ, ವಿಲಿಯಮ್ಸ್ ಕೈಕೆಳಗ ಸಹಾಯಕ ಇದ್ರು. ಹೊರಗಿಂದ ದೊಡ್ಡ ಹೆಸರಿನವ್ರು ಬಂದ್ರ ಊರ ತುಂಬ ಸುದ್ದಿ. ಇವ್ರ ಬಗ್ಗೆ ಅಷ್ಟ ಗದ್ದಲ ಕೇಳಲಿಲ್ಲ. ಅಕ್ಕನ ಮಗಳನ್ನ ಸೊಸಿ ಮಾಡಕೊಂಡಂಗ ಇದು. ಹೊಸಾದು ಅಂತ ಬೆರಗಿಲ್ಲ, ಆದ್ರ ಉಪ್ಪಿನ ಡಬ್ಬಿ ಎಲ್ಲೈತಿ, ಮಾವಗ ಯಾವಾಗ ಸಿಟ್ಟ ಬರತೈತಿ ಅಂತ ಅಕಿಗೆ ಮೊದಲ ಗೊತ್ತಿರತೈತಿ. ಈ ಸಲ ಹರಾಜಿನಾಗ ತಂಡ ಮುಕ್ಕಾಲು ಬದಲಾಗೈತಿ. ಆಶಾ ಇಲ್ಲ. ಪೆರಿನೂ ಮನೀ ಕಾರಣಕ್ಕ ಬರಂಗಿಲ್ಲ ಅಂದ್ಲು. ಇದನ್ನೆಲ್ಲಾ ತೂಗಿ ನೋಡಿ ನಾ ಅಂತೂ ಈ ಸಲ ಕಪ್ಪಿನ ಮಾತ ಆಡೂದಿಲ್ಲ.

ಇನ್ನ ಕಬಡ್ಡಿ. ನನ್ನ ತಮ್ಮಗ ಕ್ರಿಕೆಟ್ ಸೇರಂಗಿಲ್ಲ, ಕಬಡ್ಡಿ ಅಂದ್ರ ಜೀವ. ಬೆಂಗಳೂರು ಬುಲ್ಸ್‌ಗೆ ಮೊದಲನೇ ಸೀಸನ್ನಿಂದ ರಣಧೀರ ಸಿಂಗ್ ಅವ್ರ ಕೋಚ್ ಇದ್ರು. ಒಂದ ಸಲ ಕಪ್ಪೂ ಗೆಲ್ಲಿಸಿದ್ರು. 2024ರ ಕಡೀಗೆ ನಡೆದ ಹನ್ನೊಂದನೇ ಸೀಸನ್‌ದಾಗ 22 ಆಟಕ್ಕ 2 ಅಷ್ಟ ಗೆದ್ದು ಎಲ್ಲಾರಿಗಿಂತ ಕೆಳಗ ಹೋದ್ರು. ಆಮ್ಯಾಲೆ ನಮ್ಮ ಕರ್ನಾಟಕದವ್ರ ಆದ ಬಿ.ಸಿ. ರಮೇಶ ಬಂದ್ರು. ಅರ್ಜುನ ಪ್ರಶಸ್ತಿ ತೊಗೊಂಡ ಆಟಗಾರ. ಕೋಚ್ ಆಗಿ ಬಂಗಾಳಕ್ಕ ಒಂದ ಸಲ, ಪುಣೆಕ್ಕ ಒಂದ ಸಲ ಕಪ್ ಗೆಲ್ಲಿಸಿದಾವ್ರು. 2025ರ ಹನ್ನೆರಡನೇ ಸೀಸನ್‌ದಾಗ ಬುಲ್ಸ್ ಕಡೀ ನಂಬರಿನಿಂದ ಮ್ಯಾಲೆದ್ದು ಲೀಗಿನಾಗ ಮೂರನೇ ನಂಬರಿಗೆ ಬಂತು. ಕಪ್ ಸಿಗಲಿಲ್ಲ, ಆದ್ರ ಮರ್ಯಾದಿ ವಾಪಸ್ ಬಂತು. ನನ್ನ ತಮ್ಮ ಅಂತೂ ಊರಾಗ ತಾನ ಕೋಚ್ ಅನ್ನೂವಂಗ ತಿರಗ್ಯಾಡಿದ.

ಇಲ್ಲಿಂದನ ನಮ್ಮ ಮನೀ ಕತಿ ಶುರು ಆಗತೈತಿ.

ತಮ್ಮನ ಮಗಳು ಬಿ.ಎ. ಎರಡನೇ ವರ್ಷ. ಊರು ನವಲಗುಂದ ಕಡೆ. ಓದಾಕ ಅಂತ ನಮ್ಮ ಮನ್ಯಾಗ ಹುಬ್ಬಳ್ಳಿಯೊಳಗ ಅದಾಳ. ದಿನಾ ಮುಂಜಾನೆ ಚಿಗರಿ ಬಸ್ ಹತ್ತಿ ಧಾರವಾಡಕ್ಕ ಹೋಗತಾಳ. ಕಾಲೇಜಿನ ಕಬಡ್ಡಿ ತಂಡದಾಗ ಅದಾಳ. ಹೋದ ವರ್ಷ ಅವ್ರಿಗೆ ನಾಕ ತಿಂಗಳ ಕೋಚ್ ಇರಲೇ ಇಲ್ಲ. ಹುಡುಗ್ಯಾರು ತಾವ ಕೂಡಿ ಓಡಿ, ತಾವ ಬಿದ್ದು, ತಾವ ಎದ್ದು ಆಡಿದ್ರು. ಅಂತರ ಕಾಲೇಜು ಪಂದ್ಯಾವಳಿಯೊಳಗ ಮೊದಲನೇ ಆಟಕ್ಕ ಮನೀಗೆ ಬಂದ್ರು. ಹೆಣ್ಣುಮಕ್ಕಳ ಕಬಡ್ಡಿ ಅಂದ್ರ 15 ನಿಮಿಷದ್ದು ಎರಡ ಪಾಳಿ. ಮೊದಲ ಪಾಳಿಯೊಳಗ ಇವ್ರ ಮುಂದಿದ್ರು. ಎರಡನೇದರಾಗ ದಮ್ಮ ಹೋತು.

ಈ ವರ್ಷ ಹೊಸ ಕೋಚ್ ಮೇಡಂ ಬಂದಾರ. ಬಂದ ಸುದ್ದಿ ಕೇಳಿದ ದಿನಾನ ಕಾಲೇಜಿನಾಗ "ಈ ಸಲ ಚಾಂಪಿಯನ್" ಅಂತ ಮಾತು ಹಬ್ಬೇತಿ. ಅಭ್ಯಾಸ ಇನ್ನ ಒಂದ ವಾರ ಆಗಿದ್ದಿಲ್ಲ. ಮೇಡಂ ಮಾಡಿದ ಮೊದಲನೇ ಕೆಲಸ ಅಂದ್ರ, ರೇಡ್ ಹೋಗತಿದ್ದ ನಮ್ಮ ಹುಡುಗೀನ್ನ ಲೆಫ್ಟ್ ಕಾರ್ನರಿಗೆ ನಿಲ್ಲಿಸಿದ್ದು. ರೇಡ್ ಮಾಡಾಕಿ ಎಲ್ಲಾರ ಕಣ್ಣಿಗೆ ಕಾಣತಾಳ, ಚಪ್ಪಾಳಿ ಅಕಿಗೆ. ಮೂಲ್ಯಾಗ ನಿಂತಾಕಿ ಕಾಯಬೇಕು. ಎದರಿನಾಕಿ ಬೋನಸ್ ಗೆರಿಗೆ ಕಾಲ ಚಾಚಿದಾಗ ಅಕೀ ಹಿಂಬಡ ಹಿಡೀಬೇಕು. ಒಂದ ಕ್ಷಣ ಮೊದಲ ಹೋದ್ರ ತಾನ ಔಟ್, ಒಂದ ಕ್ಷಣ ತಡಾ ಆದ್ರ ಅಕಿ ಪಾರು. ಮನ್ಯಾಗ ನಮ್ಮ ಕೆಲಸ ಇದ್ದಂಗ. ಸರಿ ಆದ್ರ ಯಾರೂ ಕೇಳಂಗಿಲ್ಲ, ತಪ್ಪಿದ್ರ ಎಲ್ಲಾರೂ ಕೇಳತಾರ.

ತಮ್ಮಗ ಇದು ಕೇಳಿ ಸಿಟ್ಟ ಬಂತು. ಫೋನ್ ಮಾಡಿದ. "ಅಕ್ಕಾ, ನನ್ನ ಮಗಳನ್ನ ಮೂಲ್ಯಾಗ ನಿಲ್ಲಿಸ್ಯಾರಂತ. ಇರಲಿ. ರಮೇಶ ಅವ್ರು ಬಂದು ಕಡೀ ನಂಬರಿನ ಬುಲ್ಸನ್ನ ಮೂರಕ್ಕ ತಂದ್ರು. ಇವ್ರಿಗೂ ಹೊಸ ಕೋಚ್ ಬಂದಾರಲ್ಲಾ, ಈ ಸಲ ಫೈನಲ್ಲಿಗೆ ಬರಬೇಕು. ಬರಲಿಲ್ಲ ಅಂದ್ರ ಈ ಆಟಾ ಸಾಕು, ಯುಗಾದಿ ಆದ ಮ್ಯಾಲೆ ವರಾ ನೋಡತೇನಿ" ಅಂದ.

ಫೋನ್ ಸ್ಪೀಕರಿನ ಮ್ಯಾಲೆ ಇತ್ತು. ಹುಡುಗಿ ಅಲ್ಲೇ ರೊಟ್ಟಿ ತಟ್ಟಾಕತ್ತಿದ್ಲು. ಕೈ ನಿಂತ್ವು. ಮಾತಾಡಲಿಲ್ಲ. ಆವತ್ತಿನಿಂದ ಊಟ ಅರ್ಧ ಆಗೇತಿ. ನಡು ರಾತ್ರಿ ಎದ್ದು ನೀರು ಕುಡೀತಾಳ. ಮೇಡಂ ಬರೂ ಮೊದಲ ಅಕಿ ಸೋತ್ರ ಆಟದಾಗ ಸೋತಂಗಿತ್ತು. ಈಗ ಸೋತ್ರ ಓದು, ಆಟ, ಮುಂದಿನ ದಾರಿ ಎಲ್ಲಾ ಸೋತಂಗ. ಬಿ.ಪಿ.ಎಡ್ ಮಾಡಿ ಸಾಲ್ಯಾಗ ಆಟದ ಟೀಚರ್ ಆಗಬೇಕು ಅಂತ ಅಕಿ ಆಸೆ. ಹೊಸ ಕೋಚ್ ಬಂದಿದ್ದರಿಂದ ಅಕಿಗೆ ಬಲ ಬರಬೇಕಾಗಿತ್ತು, ಭಾರ ಬಂತು.

ನಾ ತಮ್ಮಗ ಮರುದಿನ ಫೋನ್ ಮಾಡಿದೆ. "ರಮೇಶ ಅವ್ರು ಬಂದ ಮ್ಯಾಲೆ ಬುಲ್ಸ್ ಮೊದಲ ಮೂರ ಆಟ ಏನಾದ್ವಪಾ?" ಅಂತ ಕೇಳಿದೆ.

"ಮೂರೂ ಸೋತ್ರು."

"ಆವಾಗ ನೀ ಅವ್ರನ್ನ ಮನೀಗೆ ಕಳಸ್ರಿ ಅಂದೇನು?"

"ಇಲ್ಲಕ್ಕಾ, ಹೊಸಾ ತಂಡ, ಕೂಡಿಕೊಳ್ಳಾಕ ಟೈಮ್ ಬೇಕು ಅಂದೆ."

"ಅವ್ರಿಗೆ ಲೀಗಿನಾಗ 18 ಆಟ ಇದ್ವು. ಮೂರ ಸೋತ್ರೂ ಇನ್ನ ಹದಿನೈದ ಉಳದಿದ್ವು. ನಿನ್ನ ಮಗಳಿಗೆ ಒಂದ ಸೋತ್ರ ಮುಗೀತು. ಅವ್ರು ಹರಾಜಿನಾಗ ಬೇಕಾದಾವ್ರನ್ನ ತೊಗೊಂಡ್ರು. ಈ ಮೇಡಂಗ ಹೋದ ವರ್ಷ ಸೋತ ಅವ ಹುಡುಗ್ಯಾರು, ಅದ ಅಂಗಳ. ಮೂರ ಆಟ ಸೋತ ದೊಡ್ಡಾವ್ರಿಗೆ ಟೈಮ್ ಕೊಡಾಂವ, ನಿನ್ನ ಮಗಳಿಗೆ ಒಂದ ಆಟಾನೂ ಕೊಡಂಗಿಲ್ಲೇನು?"

ಸುಮ್ಮನಾದ. ಆಮ್ಯಾಲೆ "ನೋಡೂಣು" ಅಂದ. ನಮ್ಮ ಕಡೆ ಗಂಡಸರು "ನೋಡೂಣು" ಅಂದ್ರ ಬಾಗಿಲಾ ಪೂರ್ತಿ ಹಾಕಿಲ್ಲ ಅಂತ ಅರ್ಥ, ಅಗಳಿ ಇನ್ನೂ ತಗದಿಲ್ಲ ಅಂತಾನೂ ಅರ್ಥ.

ಅದ ವಾರ ನಾ ಧಾರವಾಡಕ್ಕ ಕೆಲಸಕ್ಕ ಹೋದಾಕಿ, ಹಂಗ ಅವ್ರ ಅಂಗಳಕ್ಕೂ ಹೋಗಿ ಬಂದೆ. ಮೇಡಂ ಸಣ್ಣಾಕಿ, ಮೂವತ್ತರ ಆಸುಪಾಸು. ಹುಡುಗ್ಯಾರನ್ನ ಓಡಸತಿದ್ರು, ಕೈ ಕೈ ಹಿಡಿಸಿ ಸರಪಳಿ ಮಾಡಿ ಹೆಜ್ಜಿ ಕೂಡಸತಿದ್ರು. ಒಬ್ಬಾಕಿ ಮುಂದ ಹೋದ್ರ ಪಕ್ಕದಾಕಿ ಎಷ್ಟ ಹೆಜ್ಜಿ ಹೋಗಬೇಕು ಅನ್ನೂದನ್ನ ಮತ್ತ ಮತ್ತ. ಒಂದ ತಾಸು ನೋಡಿದ್ರೂ ಒಂದೂ ರೇಡ್ ಕಾಣಲಿಲ್ಲ. "ಈ ಸಲ ಗೆಲ್ಲತಾರೇನ್ರಿ ಮೇಡಂ?" ಅಂತ ಪಕ್ಕದಾಗ ನಿಂತ ಒಬ್ಬರು ಕೇಳಿದ್ರು. ಅದಕ್ಕ ಅವ್ರು, "ಗೆಲ್ಲತಾರ ಅಂತ ನಾ ಹೇಳಂಗಿಲ್ರಿ. ಕಡೀ ಐದ ನಿಮಿಷ ದಣಿಯಂಗಿಲ್ಲ ಅಂತ ಹೇಳತೇನಿ" ಅಂದ್ರು. ನಮ್ಮ ಹುಡುಗಿ ಬಗ್ಗೆ ಕೇಳಿದಾಗ, "ಅಕಿ ಕೈ ಗಟ್ಟಿ ಐತ್ರಿ, ಕಣ್ಣು ಚುರಕೈತಿ. ಮೂಲಿ ಕಾಯಾಕ ಅಂಥಾಕಿನ ಬೇಕು" ಅಂದ್ರು.

ನನಗ ಆವಾಗ ತಿಳೀತು, ಒಳ್ಳೆ ಕೋಚ್ ಮಂದಿ ಆಸೆ ದೊಡ್ಡದು ಮಾಡಂಗಿಲ್ಲ, ಅದನ್ನ ಸಣ್ಣ ಸಣ್ಣ ತುತ್ತು ಮಾಡಿ ಹುಡುಗ್ಯಾರ ಕೈಗೆ ಕೊಡತಾರ. "ಕಪ್ ತರ್ರಿ" ಅಂದ್ರ ಹತ್ತೊಂಬತ್ತ ವರ್ಷದ ಹುಡುಗಿ ಅದನ್ನ ಎಲ್ಲಿಂದ ಹಿಡೀಬೇಕು? "ಅಕಿ ಕಾಲು ಬಂದಾಗ ಹಿಂಬಡ ಹಿಡಿ" ಅಂದ್ರ ಹಿಡೀಬಹುದು.

ಭಾರತದ ಹುಡುಗ್ಯಾರ ಕ್ರಿಕೆಟ್ ತಂಡನ್ನ ನೋಡ್ರಿ. ಕೋಚ್ ಅಮೋಲ್ ಮುಜುಮದಾರ. ಫಸ್ಟ್ ಕ್ಲಾಸ್ ಕ್ರಿಕೆಟ್‌ದಾಗ 11 ಸಾವಿರದ ಮ್ಯಾಲೆ ರನ್ ಹೊಡದ್ರೂ ಭಾರತ ತಂಡದಾಗ ಒಂದೂ ಆಟ ಸಿಗದಾವ್ರು. ಅವ್ರು 2023ರಾಗ ಬಂದ್ರು. ಮರುವರ್ಷ ಟಿ20 ವಿಶ್ವಕಪ್‌ದಾಗ ತಂಡ ಸೆಮಿಫೈನಲ್ಲಿಗೂ ಬರಲಿಲ್ಲ. 2025ರ ವಿಶ್ವಕಪ್‌ದಾಗ ನಡುವ ಸಾಲಾಗಿ ಮೂರ ಆಟ ಸೋತ್ರು. ಮಂದಿ ಏನೇನೋ ಅಂದ್ರು. ನವೆಂಬರ್ 2ಕ್ಕ ಕಪ್ ಹಿಡದ್ರು. ಕೋಚ್ ಬಂದು ಎರಡ ವರ್ಷ ಆಗಿತ್ತು. ಅದ ತಿಂಗಳ ಢಾಕಾದಾಗ ನಮ್ಮ ಹುಡುಗ್ಯಾರು ಕಬಡ್ಡಿ ವಿಶ್ವಕಪ್ಪೂ ಗೆದ್ರು. ಅವ್ರ ಕೋಚ್ ಯಾರು ಗೊತ್ತೇನ್ರಿ? ನಮ್ಮ ಕರ್ನಾಟಕದ ತೇಜಸ್ವಿನಿ ಬಾಯಿ. 2010 ಮತ್ತ 2014ರ ಏಷ್ಯನ್ ಗೇಮ್ಸ್‌ದಾಗ ಚಿನ್ನ ಗೆದ್ದ ತಂಡದಾಗ ಆಡಿದಾಕಿ. ನಮ್ಮ ಹುಡುಗಿ ಅಕೀ ಫೋಟೋ ಪೇಪರಿನಿಂದ ಕತ್ತರಿಸಿ ತನ್ನ ಪುಸ್ತಕದಾಗ ಇಟಗೊಂಡಾಳ.

ಈ ತಿಂಗಳ ಕಡೀಗೆ ಅವ್ರ ಪಂದ್ಯಾವಳಿ ಐತಿ. ತಮ್ಮ ನೋಡಾಕ ಬರತೇನಿ ಅಂದಾನ. ಅಕಿ ಆಡೂದನ್ನ ಅಂವ ಇನ್ನೂ ಒಮ್ಮೆನೂ ನೋಡಿಲ್ಲ, ಮೊಬೈಲಿನಾಗ ಬುಲ್ಸ್ ನೋಡೂದಷ್ಟ. ಅಂವಗ ನಾ ಮೊದಲ ಹೇಳಿ ಬಿಟ್ಟೇನಿ: ಯಾರ ಅಂಕ ಎಷ್ಟ ಅಂತ ಬ್ಯಾಡ, ಎರಡನೇ ಪಾಳಿಯ ಕಡೀ ಐದ ನಿಮಿಷ ನೋಡು. ಹೋದ ವರ್ಷ ಅಲ್ಲೆ ಬಿದ್ದಿದ್ರು, ಈ ವರ್ಷ ಅಲ್ಲೆ ನಿಂತಾರೇನು ನೋಡು. ನಿನ್ನ ಮಗಳು ಹಿಡದಾಗ ಪಕ್ಕದಾಕಿ ಬಂದು ಸೇರತಾಳೇನು ನೋಡು. ಬಂದ್ರ, ಸೋತ್ರೂ ಹೊಸ ಕೋಚ್ ಕೆಲಸ ಮಾಡ್ಯಾರ ಅಂತ ತಿಳಕೋ.

ನೀವೂ ಒಂದ ಮಾತ ನಡಸ್ರಿ. ನಿಮ್ಮ ಓಣ್ಯಾಗ, ನಿಮ್ಮ ಬಳಗದಾಗ ಆಡೂ ಹುಡುಗ್ಯಾರು ಇದ್ರ "ಹೊಸ ಕೋಚ್ ಬಂದಾರಲ್ಲಾ, ಈ ಸಲ ಕಪ್ ನಿಮ್ದೇನು?" ಅಂತ ಕೇಳಬ್ಯಾಡ್ರಿ. "ಇವತ್ತ ಏನ ಹೊಸಾದು ಕಲಿಸಿದ್ರು?" ಅಂತ ಕೇಳ್ರಿ. ನಾ ಕೇಳಾಕ ಹತ್ತಿದ ಮ್ಯಾಲೆ ನಮ್ಮಾಕಿ ಅಡಗಿಮನಿ ನೆಲದ ಮ್ಯಾಲೆ ನನ್ನ ಕಾಲ ಹಿಡದು ತೋರಸತಾಳ. ಮೊನ್ನೆ ಎರಡ ರೊಟ್ಟಿ ಹೆಚ್ಚಿಗೆ ತಿಂದ್ಲು.

ಆರ್‌ಸಿಬಿ ಹುಡುಗ್ಯಾರ ಆಟ ಎಲ್ಲಾರೂ ಕೂಡಿ ನೋಡೂಣು. ಬರಾವ್ರು ನಮ್ಮ ಮನೀಗೆ ಬರ್ರಿ, ಚುರುಮರಿ ಗಿರಮಿಟ್ ಮಾಡತೇನಿ. ವೈನಿ, ನೀವು ಮಾತ್ರ ಚಾ ಇಡಾಕ ನಡುವ ಏಳಬ್ಯಾಡ್ರಿ.